ಒಂದೇ ಗಣಕಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್: ಲೆಕ್ಕಪತ್ರ ಇಡುವವರು ಗಮನಿಸಬೇಕಾದುದು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡ ಬಳಿಕ ವರ್ತಕ ಮಿತ್ರರಿಂದ ಒಂದೇ ಪ್ರಶ್ನೆ ಪದೇ ಪದೇ ಬರುತ್ತಿದೆ. ಅಂಗಡಿಯ ಗಣಕಯಂತ್ರ ಇನ್ನೂ ಚೆನ್ನಾಗಿಯೇ ನಡೆಯುತ್ತಿದೆ. ಆದರೆ ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಅದರಲ್ಲಿಲ್ಲ. ಉಚಿತವಾಗಿ ದೊರೆಯುವ ಲಿನಕ್ಸನ್ನು ಅದೇ ಯಂತ್ರದಲ್ಲಿ ವಿಂಡೋಸ್ ಜೊತೆಗೇ ಹಾಕಿಕೊಳ್ಳಬಹುದೇ? ಹಾಕಿಕೊಳ್ಳಬಹುದು. ಆದರೆ ಯಾವ ವಿಧಾನ ಎಂಬುದನ್ನು, ಲೆಕ್ಕದ ಪುಸ್ತಕಗಳು ಆ ಯಂತ್ರದಲ್ಲಿ ಎಲ್ಲಿವೆ ಎಂಬುದನ್ನು ನೋಡಿಯೇ ನಿರ್ಧರಿಸತಕ್ಕದ್ದು.

ವಿಂಡೋಸನ್ನು ಪೂರ್ತಿಯಾಗಿ ಬಿಡಲು ನಮ್ಮಲ್ಲಿ ಹೆಚ್ಚಿನವರಿಗೆ ಸಾಧ್ಯವಿಲ್ಲ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ವಿಂಡೋಸ್‌ಗಾಗಿ ರಚಿತವಾದ ತಂತ್ರಾಂಶ. ಜಿಎಸ್‌ಟಿಯ ಮ್ಯಾಕ್ರೋ ಸಹಿತವಾದ ಎಕ್ಸೆಲ್ ನಮೂನೆಗಳು ಲಿನಕ್ಸ್‌ನ ಲಿಬ್ರೆ ಆಫೀಸ್‌ನಲ್ಲಿ ನೆಟ್ಟಗೆ ನಡೆಯುವುದಿಲ್ಲ. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ನಡೆಸುವ ‘ವೈನ್’ ಎಂಬ ಸಾಧನವಿದೆ ನಿಜ. ವರ್ಷದ ವಹಿವಾಟನ್ನು ಅದರ ಭರವಸೆಯ ಮೇಲೆ ಇಡಿ ಎಂದು ನಾನಂತೂ ಹೇಳಲಾರೆ.

ವಿಂಡೋಸ್ 11 ಇರುವ ಯಂತ್ರವಾದರೆ ಸುಲಭದ ಮಾರ್ಗ ಬೇರೆಯೇ ಇದೆ. ಮೈಕ್ರೋಸಾಫ್ಟ್ ಸಂಸ್ಥೆಯೇ 2016ರಲ್ಲಿ ಪರಿಚಯಿಸಿದ ಡಬ್ಲ್ಯುಎಸ್‌ಎಲ್ ಮೂಲಕ, ಅಥವಾ ವರ್ಚುವಲ್‌ಬಾಕ್ಸ್‌ನಂತಹ ಉಚಿತ ತಂತ್ರಾಂಶದ ಮೂಲಕ, ವಿಂಡೋಸ್ ಒಳಗೇ ಲಿನಕ್ಸನ್ನು ಒಂದು ಕಿಟಕಿಯಲ್ಲಿ ತೆರೆದು ಕೆಲಸ ಮಾಡಬಹುದು. ಡಿಸ್ಕನ್ನು ಭಾಗ ಮಾಡುವ ಗೋಜಿಲ್ಲ. 8 ಜಿಬಿಯಾದರೂ ಮೆಮೊರಿ ಇದ್ದರೆ ಒಳ್ಳೆಯದು. ಕಂಪ್ಯೂಟರ್ ನಿಯಂತ್ರಿತ ಕತ್ತರಿಸುವ ಅಥವಾ ಕೊರೆಯುವ ಯಂತ್ರಕ್ಕೆ ಲಿನಕ್ಸ್‌ಸಿಎನ್‌ಸಿ ಬಳಸುವ ಸಣ್ಣ ಕೈಗಾರಿಕೆಯವರಿಗೆ ಮಾತ್ರ ಇದು ಸಲ್ಲದು. ಆ ತಂತ್ರಾಂಶ ಕ್ಷಣಕ್ಷಣಕ್ಕೂ ಸರಿಯಾಗಿ ಆಜ್ಞೆ ಕಳಿಸಬೇಕಾದ್ದರಿಂದ ಲಿನಕ್ಸ್ ಅಲ್ಲಿ ನೇರವಾಗಿಯೇ ನಡೆಯಬೇಕು.

ಹಳೆಯ ಯಂತ್ರದಲ್ಲಿ ಈ ಉಪಾಯದಿಂದ ಪ್ರಯೋಜನವಿಲ್ಲ. ಹೊರಗಿನ ವಿಂಡೋಸ್ ಅಸುರಕ್ಷಿತವಾಗಿಯೇ ಉಳಿಯುತ್ತದೆ. ಅಲ್ಲಿ ಯಂತ್ರ ಆರಂಭವಾಗುವಾಗಲೇ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ‘ಡ್ಯುಯಲ್ ಬೂಟ್’ ವಿಧಾನವೇ ಗತಿ. ತೊಂದರೆಗಳು ಇರುವುದೂ ಇಲ್ಲಿಯೇ.

ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಲ್ಲಿ ರಸಗೊಬ್ಬರ, ಬಿತ್ತನೆ ಬೀಜಗಳ ವ್ಯಾಪಾರ ಮಾಡುವ ನನ್ನ ಕಕ್ಷಿದಾರರೊಬ್ಬರು ತಂಗಿಯ ಮಗನಿಂದ ಹೀಗೆ ಲಿನಕ್ಸ್ ಹಾಕಿಸಿಕೊಂಡರು. ಲೆಕ್ಕ ಪರಿಶೋಧನೆಗೆ ಕುಳಿತಾಗ ಸಂಜೆ ಐದರ ಬಿಲ್ಲೊಂದು ಟ್ಯಾಲಿಯ ಎಡಿಟ್ ಲಾಗ್‌ನಲ್ಲಿ ಬೆಳಿಗ್ಗೆ 11.30ರದೆಂದು ಕಂಡಿತು, ಅದರ ಇ-ವೇ ಬಿಲ್ಲಿನಲ್ಲಿ ಮಾತ್ರ ಸಂಜೆಯ ಸಮಯವೇ ಇತ್ತು. ಮೊದಲು ನನಗೆ ಬಂದದ್ದು ಅವರ ಮೇಲಿನ ಅನುಮಾನ, ಸುಳ್ಳೇಕೆ ಹೇಳಲಿ. ಕಾರಣ ಬೇರೆಯೇ ಆಗಿತ್ತು. ಯಂತ್ರದ ಒಳಗಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯಕ್ಕೆ ಹೊಂದಿಸಿ ಇಡುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಭಾರತದಲ್ಲಿ ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಗಡಿಯಾರವನ್ನು ಸ್ಥಳೀಯ ಸಮಯದಲ್ಲೇ ಇಡುವಂತೆ ಲಿನಕ್ಸ್‌ಗೆ ಒಮ್ಮೆ ತಿಳಿಸಿದರೆ ಮುಗಿಯಿತು. ಹಾಗೆ ತಿಳಿಸಿರಲಿಲ್ಲ. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ತಿದ್ದುಪಡಿಗಳ ದಾಖಲೆ ಇಡುವ ತಂತ್ರಾಂಶ ಕಡ್ಡಾಯವಾಗಿದೆ. ಅಲ್ಲಿ ಇಂತಹ ಸಮಯಕ್ಕೆ ವಿವರಣೆ ಕೊಡುವುದು ಇನ್ನೂ ಕಷ್ಟ.

ಎರಡನೆಯದು ಡಿಸ್ಕಿನ ಮಾತು. ಟ್ಯಾಲಿಯ ದತ್ತಾಂಶವಿರುವ ಡಿಸ್ಕನ್ನೇ ಕತ್ತರಿಸಿ ಲಿನಕ್ಸ್‌ಗೆ ಜಾಗ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಪ್ರತ್ಯೇಕವಾದ ಸಣ್ಣ ಎಸ್‌ಎಸ್‌ಡಿ ಹಾಕಿಸಿ ಅದರಲ್ಲಿ ಲಿನಕ್ಸ್ ಇಡಿ. ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆರಂಭದ ಕ್ರಮ ಬದಲಾದೊಡನೆ ಯಂತ್ರ ಅದನ್ನೇ ಕೇಳಬಹುದು. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಅನ್ನು ನಿಲ್ಲಿಸಿ. ಅದು ಇದ್ದಾಗ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ಅಂತಹ ಸ್ಥಿತಿಯಲ್ಲಿ ಲಿನಕ್ಸ್‌ನಿಂದ ಆ ಡಿಸ್ಕಿಗೆ ಬರೆದರೆ ಕಡತಗಳು ಕೆಡುವ ಸಂಭವವಿದೆ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಬಂದಾಗ ಎರಡೂ ಇದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸ್ ತೆರೆಯದೇ ಹೋಯಿತೆಂಬುದೂ ನೆನಪಿರಲಿ.

ಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. “ಲಿನಕ್ಸ್ ಹಾಕುವಾಗ ಅಳಿಸಿಹೋಯಿತು” ಎಂಬ ಉತ್ತರವನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ. ಆದ್ದರಿಂದ ಮೊದಲು ಬ್ಯಾಕಪ್. ತೆಗೆದ ಬ್ಯಾಕಪ್ ಬೇರೊಂದು ಯಂತ್ರದಲ್ಲಿ ತೆರೆಯುತ್ತದೆಯೇ ಎಂದೂ ನೋಡಿ.

ಇಷ್ಟು ತಾಪತ್ರಯವೇಕೆ, ಯಾರಿಂದಲೋ ನಕಲಿ ವಿಂಡೋಸ್ ಹಾಕಿಸಿದರಾಯಿತು ಎನ್ನುವವರೂ ಇದ್ದಾರೆ. ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮನ್ನು ಅವರು ಓದಬೇಕು. ನಕಲಿ ತಂತ್ರಾಂಶವೆಂದು ತಿಳಿದೂ ಬಳಸಿದರೆ ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸದವರಿಗೆ ಸೆರೆವಾಸದಿಂದ ರಿಯಾಯಿತಿಗೆ ಅಲ್ಲಿ ಅವಕಾಶವಿದೆ; ಅಂಗಡಿಯ ಲೆಕ್ಕ ಬರೆಯುವವರಿಗೆ ಅದು ದೊರೆಯದು.

ನನ್ನ ಕಕ್ಷಿದಾರರು ಈಗ ಚಾಲ್ತಿ ವರ್ಷದ ಟ್ಯಾಲಿಯನ್ನು ವಿಂಡೋಸ್ 11 ಇರುವ ಹೊಸ ಯಂತ್ರಕ್ಕೆ ಒಯ್ದಿದ್ದಾರೆ. ಹಳೆಯದರಲ್ಲಿ ವಿಂಡೋಸ್ ಇದೆ, ಇಂಟರ್ನೆಟ್ ಸಂಪರ್ಕವಿಲ್ಲದೆ, ಹಿಂದಿನ ವರ್ಷಗಳ ಪುಸ್ತಕಗಳನ್ನು ತೆರೆದು ನೋಡಲಿಕ್ಕಷ್ಟೇ. ಪತ್ರವ್ಯವಹಾರ, ಇ-ಮೇಲ್, ದರಪಟ್ಟಿ ಎಲ್ಲವೂ ಅದೇ ಯಂತ್ರದ ಲಿನಕ್ಸ್‌ನಲ್ಲಿ ನಡೆಯುತ್ತಿವೆ. ಗಡಿಯಾರವೂ ಸರಿಯಾಗಿದೆ.