ನಾಲ್ಕರಲ್ಲಿ ಒಂದು

ನಮ್ಮ ಅಕ್ಕನ ಮದುವೆ ನಡೆದದ್ದು 1954ರಲ್ಲಿ. ವರ ಹೊರಗಿನವರಲ್ಲ; ನಮ್ಮ ತಾಯಿಯ ಒಡಹುಟ್ಟಿದ ತಮ್ಮ, ನಮ್ಮ ಸೋದರಮಾವ. ಹುಡುಗಿ ಪರರ ಮನೆ ಸೇರುವುದಿಲ್ಲ, ತೋಟ ಗದ್ದೆ ಕೈಬಿಟ್ಟು ಹೋಗುವುದಿಲ್ಲ, ಅತ್ತೆಯಾಗುವವಳು ಸ್ವಂತ ಅಜ್ಜಿಯೇ ಆದ್ದರಿಂದ ಕಾಟದ ಭಯವಿಲ್ಲ ಎಂದು ಹಿರಿಯರೆಲ್ಲರೂ ಹಿಗ್ಗಿದರು. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಅಂದು ಇಂಥ ಸಂಬಂಧ ಅಪರೂಪವಾಗಿರಲಿಲ್ಲ. ಇಂದಿಗೂ ಅದು ಪೂರ್ತಿಯಾಗಿ ಅಳಿದಿಲ್ಲ.

1957ರಲ್ಲಿ ಅಕ್ಕನಿಗೆ ಚೊಚ್ಚಲ ಗಂಡುಮಗು ಹುಟ್ಟಿತು. ದುಂಡುದುಂಡಾಗಿದ್ದ ಕೂಸಿಗೆ ತಿಂಗಳು ತುಂಬುವುದರೊಳಗೆ ಜ್ವರ ಹಿಡಿಯಿತು. ಮೈಮೇಲೆ ಕುರು, ಬಾಯೊಳಗೆ ಹುಣ್ಣು. ಒಂದು ಮಾಯುವ ಮೊದಲೇ ಮತ್ತೊಂದು. ಬಜೆ ತೇದು ನೆಕ್ಕಿಸಿದರು, ತಾಯಿತ ಕಟ್ಟಿಸಿದರು, ಪೇಟೆಯ ಡಾಕ್ಟರರಿಂದ ಸೂಜಿಯನ್ನೂ ಹಾಕಿಸಿದರು. ಐದನೆಯ ತಿಂಗಳಿಗೆ ಮಗು ತೀರಿಕೊಂಡಿತು. 1961ರಲ್ಲಿ ಹುಟ್ಟಿದ ಹೆಣ್ಣುಮಗುವಿನ ಕತೆಯೂ ಅದೇ ಆಯಿತು. ಊರು ಅದನ್ನು ಬಾಲಗ್ರಹವೆಂದು ಕರೆಯಿತು. ಅಜ್ಜಿ ಮಾತ್ರ ಬೇರೆಯ ಮಾತನಾಡಿದಳು: "ಇವಳ ಹಾಲೇ ವಿಷ."

1963ರಲ್ಲಿ ಮತ್ತೊಂದು ಗಂಡುಮಗುವಾದಾಗ ಅಕ್ಕ ಅದಕ್ಕೆ ಎದೆಹಾಲು ಕೊಡಲಿಲ್ಲ. ಹಸುವಿನ ಹಾಲು ಹಾಕಿ ಬೆಳೆಸಿದರು. ಆ ಮಗು ಉಳಿಯಿತು. ಅದು ಉಳಿದುದರಿಂದಲೇ ಅಜ್ಜಿಯ ಮಾತಿಗೆ ರುಜುವಾತು ಸಿಕ್ಕಂತಾಯಿತು. ಆಮೇಲೆ ಮೂವತ್ತೈದು ವರ್ಷ ಆ ಮಾತನ್ನು ಯಾರೂ ಎತ್ತಲಿಲ್ಲ, ಯಾರೂ ಅಲ್ಲವೆನ್ನಲೂ ಇಲ್ಲ.

ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನಾಣ್ಯ ಚಿಮ್ಮಿ, ದಾಳ ಉರುಳಿಸಿ ಸಂಭವನೀಯತೆಯ ಪಾಠವನ್ನು ಎಷ್ಟೋ ತಂಡದ ಹುಡುಗರಿಗೆ ಹೇಳಿದ್ದೇನೆ. ಆದರೂ 1992ರಲ್ಲಿ ಅಕ್ಕನ ಆ ಮಗನಿಗೇ ನನ್ನ ಮಗಳನ್ನು ಕೊಟ್ಟೆ. ಅಕ್ಕನ ಬಾಳಿಗೆ ಇಷ್ಟಾದರೂ ಸಂತೋಷ ಒದಗಲಿ ಎಂಬುದು ನನ್ನ ಆಸೆ. ಮೊದಲು ಹುಟ್ಟಿದ ಮೊಮ್ಮಗಳು ಆರೋಗ್ಯವಾಗಿ ಬೆಳೆದಳು. 1998ರಲ್ಲಿ ಮೊಮ್ಮಗ ಹುಟ್ಟಿದ. ಆರನೆಯ ವಾರ ಜ್ವರ ಬಂತು. ಅಕ್ಕ ಮಗುವಿನ ಬಾಯಿ ತೆರೆದು ನೋಡಿದವಳೇ ಗೋಡೆಗೆ ಒರಗಿ ಕುಳಿತುಬಿಟ್ಟಳು. "ಅದೇ ಕಣೋ" ಎಂದಳು. ಬೇರೆ ಮಾತು ಅವಳ ಬಾಯಿಂದ ಹೊರಡಲಿಲ್ಲ.

ಈ ಸಲ ಮಗುವನ್ನು ನಗರದ ಆಸ್ಪತ್ರೆಗೆ ಒಯ್ದೆವು. ರೋಗಾಣುಗಳನ್ನು ನುಂಗಿ ಕೊಲ್ಲುವ ಬಿಳಿಯ ರಕ್ತಕಣಗಳಲ್ಲಿ ನ್ಯೂಟ್ರೊಫಿಲ್ ಎಂಬುದೊಂದು ಜಾತಿ. ಒಂದು ಘನ ಮಿಲಿಮೀಟರು ರಕ್ತದಲ್ಲಿ ಅವು ಸಾವಿರದ ಮೇಲಿರಬೇಕು. ನಮ್ಮ ಕೂಸಿನಲ್ಲಿ ನೂರೂ ಇರಲಿಲ್ಲ. ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆಯನ್ನು ತೆಗೆದು ಪರೀಕ್ಷಿಸಿದರು. ಅಲ್ಲಿ ಈ ಕಣಗಳು ಮೊಳೆಯುತ್ತಿದ್ದುವು, ಆದರೆ ಬಲಿಯುವ ಮೊದಲೇ ಸಾಯುತ್ತಿದ್ದುವು. ಇದು ಕಾಸ್ಟ್‌ಮನ್ ರೋಗವೆಂದು ಡಾಕ್ಟರರು ಹೇಳಿದರು.

ನಮ್ಮ ಆಯುರ್ವೇದ ಎಣಿಸುವ ಸಪ್ತಧಾತುಗಳಲ್ಲಿ ರಕ್ತ ಎರಡನೆಯದು, ಮಜ್ಜೆ ಆರನೆಯದು. ಇಂದಿನ ವಿಜ್ಞಾನದಲ್ಲಿ ಈ ಕ್ರಮ ತಿರುಗುಮುರುಗಾಗಿದೆ: ಮಜ್ಜೆಯೇ ತಾಯಿ, ರಕ್ತ ಅದರ ಕೂಸು. ಆರೋಗ್ಯವಂತನಾದ ದೊಡ್ಡವನ ಮಜ್ಜೆ ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೊಫಿಲ್‌ಗಳನ್ನು ಹಡೆಯುತ್ತದೆ. ದೇಹದ ರಕ್ಷಣೆ ಒಂದು ಕೋಟೆಯಾದರೆ, ಕೋಟೆಯ ಸೈನ್ಯ ಹುಟ್ಟುವುದು ಮೂಳೆಯ ಟೊಳ್ಳಿನಲ್ಲಿ. ಆದ್ದರಿಂದಲೇ ಹುಟ್ಟಿನಿಂದ ಬಂದ ರಕ್ಷಣೆಯ ಕೊರತೆಗೂ ಮಜ್ಜೆಯ ಸೋಲಿಗೂ ಇಷ್ಟು ಹತ್ತಿರದ ನಂಟು. ಕೆಲವು ವಂಶಗಳಲ್ಲಿ ನಮ್ಮ ಮಗುವಿನಂತೆ ಸೈನಿಕರು ಬೆಳೆಯುವುದೇ ಇಲ್ಲ. ಕೆಲವು ವಂಶಗಳಲ್ಲಿ ಸೈನ್ಯವನ್ನು ಅಂಕೆಯಲ್ಲಿಡುವ ಗುಣವೇ ಕೆಟ್ಟು, ಅದು ತನ್ನ ತವರಾದ ಮಜ್ಜೆಯ ಮೇಲೆಯೇ ತಿರುಗಿ ಬೀಳುತ್ತದೆ. 2011ರಲ್ಲಿ ಬೆಳಕಿಗೆ ಬಂದ ಗಾಟಾ-2 ಎಂಬ ವಂಶವಾಹಿಯ ದೋಷದಲ್ಲಿ, ಮೊದಲು ಸೋಂಕುಗಳು ಕಾಡಿ, ವರ್ಷಗಳು ಕಳೆದ ಮೇಲೆ ಮಜ್ಜೆ ಬತ್ತುವುದುಂಟು.

ಕಾಸ್ಟ್‌ಮನ್ನರ ಕತೆಯನ್ನು ನಾನು ಆಮೇಲೆ ಓದಿ ತಿಳಿದೆ. ರಾಲ್ಫ್ ಕಾಸ್ಟ್‌ಮನ್ ಸ್ವೀಡನ್ ದೇಶದ ಮಕ್ಕಳ ವೈದ್ಯರು. ಆ ದೇಶದ ಉತ್ತರದ ಅಂಚಿನಲ್ಲಿ ಓವರ್‌ಕಾಲಿಕ್ಸ್ ಎಂಬ ವಿರಳ ಜನವಸತಿಯ ಸೀಮೆಯಿದೆ. ಅಲ್ಲಿ ಕೆಲವು ಮನೆತನಗಳ ಹಸುಗೂಸುಗಳು ಜ್ವರ ಕುರುಗಳಿಂದ ಸಾಯುತ್ತಿದ್ದುವು. ಕಾಸ್ಟ್‌ಮನ್ನರು ಆ ಮನೆತನಗಳ ವಂಶವೃಕ್ಷಗಳನ್ನು ಹಿಡಿದು ಹಿಂದೆ ಹಿಂದೆ ಹೋದಾಗ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದುದು ಕಂಡಿತು. 1956ರಲ್ಲಿ ಅವರ ವಿಸ್ತಾರವಾದ ಪ್ರಬಂಧ ಪ್ರಕಟವಾಯಿತು. ಅದರ ಮರುವರ್ಷ, ಸಾವಿರಾರು ಮೈಲಿ ಈಚೆಗೆ, ಅಕ್ಕನ ಚೊಚ್ಚಲ ಮಗು ಅದೇ ರೋಗದಿಂದ ಸತ್ತಿತು. ನಮ್ಮ ಹಳ್ಳಿಗೆ ಆ ಪ್ರಬಂಧ ಹೇಗೆ ತಲುಪಬೇಕು?

ಆಸ್ಪತ್ರೆಯಲ್ಲಿ ಡಾಕ್ಟರರು ಕಾಗದದ ಮೇಲೆ ನಾಲ್ಕು ಸೊನ್ನೆಗಳನ್ನು ಬರೆದು ಅಕ್ಕನಿಗೆ ವಿವರಿಸಿದರು. ಪ್ರತಿಯೊಬ್ಬರಲ್ಲಿಯೂ ಒಂದೊಂದು ವಂಶವಾಹಿಗೆ ಎರಡೆರಡು ಪ್ರತಿ, ತಂದೆಯದೊಂದು, ತಾಯಿಯದೊಂದು. ಒಂದು ಕೆಟ್ಟಿದ್ದರೆ ಇನ್ನೊಂದು ಕೆಲಸ ನಡೆಸುತ್ತದೆ. ಹೊತ್ತವರಿಗೆ ತಿಳಿಯುವುದೂ ಇಲ್ಲ. ತಾಯಿತಂದೆ ಇಬ್ಬರೂ ಒಂದೊಂದು ಕೆಟ್ಟ ಪ್ರತಿಯನ್ನು ಹೊತ್ತಿದ್ದರೆ, ಪ್ರತಿ ಹೆರಿಗೆಯಲ್ಲಿಯೂ ಎರಡೂ ಕೆಟ್ಟವೇ ಮಗುವಿಗೆ ಬರುವ ಸಂಭವ ನಾಲ್ಕರಲ್ಲಿ ಒಂದು. ಒಂದೇ ಅಜ್ಜನಿಂದಲೋ ಅಜ್ಜಿಯಿಂದಲೋ ಇಳಿದು ಬಂದ ರಕ್ತವಾದರೆ ಇಬ್ಬರಲ್ಲಿಯೂ ಅದೇ ದೋಷ ಅಡಗಿರುವ ಸಂಭವ ಹೆಚ್ಚು. ಸೋದರಮಾವನ ಮದುವೆಯಲ್ಲಿ ಹುಟ್ಟಿದ ಮಗುವಿನ ವಂಶವಾಹಿಗಳಲ್ಲಿ ಸರಾಸರಿ ಎಂಟರಲ್ಲೊಂದರ ಎರಡು ಪ್ರತಿಗಳೂ ಒಂದೇ ಮೂಲದವು. ಅತ್ತೆಯ ಮಗ, ಮಾವನ ಮಗಳು ಮದುವೆಯಾದರೆ ಹದಿನಾರರಲ್ಲೊಂದು.

ಅಕ್ಕ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದಳು: "ಹಾಗಾದ್ರೆ ಹಾಲಿನಿಂದ ಅಲ್ವೇನಪ್ಪಾ?"

"ಅಲ್ಲಮ್ಮಾ. ನಿಮ್ಮಿಂದ ಅರ್ಧ, ನಿಮ್ಮ ಯಜಮಾನರಿಂದ ಅರ್ಧ. ಆ ಮಕ್ಕಳು ಅಷ್ಟು ದಿನ ಬದುಕಿದ್ದಕ್ಕೆ ನಿಮ್ಮ ಹಾಲೇ ನೆರವಾಗಿರಬೇಕು."

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ವಿಷವೆಂದು ಹಳಿದ ಅಜ್ಜಿಯ ರಕ್ತದಿಂದಲೋ, ಮಾತನಾಡದೆ ಕುಳಿತಿದ್ದ ಅಜ್ಜನ ರಕ್ತದಿಂದಲೋ ಅದು ಇಳಿದು ಬಂದಿತ್ತು. ಅವರಿಬ್ಬರೂ ಆಗ ಬದುಕಿರಲಿಲ್ಲ. ನಾನು ಬದುಕಿದ್ದೆ, ಮಗಳ ಮೂಲಕ ಮೊಮ್ಮಗನಿಗೆ ಅದನ್ನು ಕೊಟ್ಟವನು ನಾನೇ.

ಕಾಸ್ಟ್‌ಮನ್ನರ ಕಾಲದಲ್ಲಿ ಇಲ್ಲದ ಒಂದು ಔಷಧ 1980ರ ದಶಕದ ಕೊನೆಯಲ್ಲಿ ಬಂದಿತ್ತು. ಮಜ್ಜೆಯನ್ನು ಪ್ರಚೋದಿಸುವ ಈ ಜಿ-ಸಿಎಸ್‌ಎಫ್ ಎಂಬ ಸೂಜಿಯನ್ನು ದಿನವೂ ಚರ್ಮದ ಕೆಳಗೆ ಚುಚ್ಚಿದರೆ ನ್ಯೂಟ್ರೊಫಿಲ್‌ಗಳು ಏರುತ್ತವೆ. ಯಾವ ಆಸ್ತಿ ಹೊರಗೆ ಹೋಗಬಾರದೆಂದು ಅಕ್ಕನ ಮದುವೆ ನಡೆಯಿತೋ, ಆ ತೋಟವನ್ನು ಮಾರಿ ಸೂಜಿ ಕೊಂಡೆವು. ಮಗು ಚೇತರಿಸಿತು, ನಡೆಯಿತು, ಶಾಲೆಗೆ ಹೋಯಿತು. ಆದರೆ ಈ ರೋಗಿಗಳಲ್ಲಿ ಕೆಲವರ ಮಜ್ಜೆ ವರ್ಷಗಳು ಕಳೆದಂತೆ ಕೆಟ್ಟು ರಕ್ತದ ಕ್ಯಾನ್ಸರಿಗೆ ತಿರುಗುತ್ತದೆ. ಬೇರಿನಿಂದ ಗುಣವಾಗಬೇಕಾದರೆ ಬೇರೊಬ್ಬರ ಮಜ್ಜೆಯನ್ನು ಕಸಿಮಾಡಬೇಕು. ಅದಕ್ಕೆ ದೇಹದ ಗುರುತುಗಳು ಹೊಂದಬೇಕು. ಒಡಹುಟ್ಟಿದವರಲ್ಲಿ ಅವು ಪೂರ್ತಿ ಹೊಂದುವ ಸಂಭವ ಎಷ್ಟು? ಮತ್ತೆ ನಾಲ್ಕರಲ್ಲಿ ಒಂದು. ನಮಗಿದ್ದುದು ಒಬ್ಬಳೇ ಮೊಮ್ಮಗಳು. ರಕ್ತ ಕೊಟ್ಟು ಫಲಿತಾಂಶಕ್ಕಾಗಿ ಕಾದ ದಿನಗಳಲ್ಲಿ ನನ್ನ ಪಾಠಗಳೆಲ್ಲ ನೆನಪಿಗೆ ಬಂದುವು. ದಾಳ ನನ್ನ ಕೈಯಲ್ಲಿರಲಿಲ್ಲ. ಅವಳ ಮಜ್ಜೆ ಹೊಂದಿತು.

ಆ ದಿನಗಳಲ್ಲಿ ಡಾಕ್ಟರರು ಹೇಳಿದ ಒಂದು ನಿಜಸಂಗತಿ ನನಗೆ ಧೈರ್ಯ ಕೊಟ್ಟಿತು. 1968ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ರಾಬರ್ಟ್ ಗುಡ್ ಮತ್ತು ಸಂಗಡಿಗರ ಬಳಿಗೆ ಐದು ತಿಂಗಳ ಗಂಡುಮಗುವೊಂದು ಬಂತು. ಅದರದು ಬೇರೆಯ ರೋಗ; ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿದು ರಕ್ಷಣೆಯನ್ನೆಲ್ಲ ಬರಿದುಮಾಡುವಂಥದು. ಅಕ್ಕನ ಮಜ್ಜೆಯನ್ನು ಆ ತಮ್ಮನಿಗೆ ಕೊಟ್ಟರು. ರಕ್ಷಣೆಯೇನೋ ಚಿಗುರಿತು, ಆದರೆ ಇಬ್ಬರ ರಕ್ತದ ಗುಂಪು ಬೇರೆಯಾಗಿತ್ತು. ಹೊಸ ಕಣಗಳ ಹೊಡೆತಕ್ಕೆ ಮಗುವಿನ ಸ್ವಂತ ಮಜ್ಜೆ ಬತ್ತಿಹೋಯಿತು. ವೈದ್ಯರು ಎದೆಗೆಡದೆ ಅದೇ ಅಕ್ಕನ ಮಜ್ಜೆಯನ್ನು ಎರಡನೆಯ ಸಲ ಕೊಟ್ಟರು. ಈ ಸಲ ರಕ್ತವೆಲ್ಲ ಅವಳದಾಯಿತು; 'ಎ' ಗುಂಪಿನ ಹುಡುಗ 'ಒ' ಗುಂಪಿನವನಾದ. ರಕ್ಷಣೆಯ ಕೊರತೆ, ಮಜ್ಜೆಯ ಸೋಲು ಎರಡೂ ಒಂದೇ ಮೂಲದಿಂದ ವಾಸಿಯಾದುವು. ಆ ಹುಡುಗ ಬೆಳೆದು ದೊಡ್ಡವನಾದ.

ನಮ್ಮ ಮೊಮ್ಮಗನ ಕಸಿ ನಡೆದದ್ದು 2003ರಲ್ಲಿ. ಹಳೆಯ ಮಜ್ಜೆಯನ್ನು ಔಷಧದಿಂದ ಬರಿದುಮಾಡಿದರು. ಹುಡುಗನ ಕೂದಲೆಲ್ಲ ಉದುರಿತು. ಅವನ ಅಕ್ಕನಿಗೆ ಮಂಪರು ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ರಕ್ತ ಕೊಡುವಂತೆಯೇ ಅವನ ನರದೊಳಕ್ಕೆ ಬಿಟ್ಟರು. ಮೂರನೆಯ ವಾರ ಬಿಳಿಯ ಕಣಗಳು ಕಾಣಿಸಿಕೊಂಡುವು.

2007ರಲ್ಲಿ ಕ್ರಿಸ್ಟೋಫ್ ಕ್ಲೈನ್ ಮತ್ತು ಸಂಗಡಿಗರು ಕಾಸ್ಟ್‌ಮನ್ ರೋಗದ ವಂಶವಾಹಿಯನ್ನು ಗುರುತಿಸಿದರು. ಎಚ್‌ಎಎಕ್ಸ್-1 ಎಂದು ಅದರ ಹೆಸರು. ಕಣಗಳು ಅಕಾಲದಲ್ಲಿ ಸಾಯದಂತೆ ಕಾಯುವುದು ಅದರ ಕೆಲಸ. ಮುಂದೆ ನಮ್ಮ ಮನೆಯವರ ರಕ್ತವನ್ನೂ ಪರೀಕ್ಷೆಮಾಡಿಸಿದೆವು. ಕೆಟ್ಟ ಪ್ರತಿಯೊಂದು ನನ್ನಲ್ಲಿಯೂ ಇದ್ದಿತು.

ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆತನದಲ್ಲಿ ಎಳೆಯ ಕೂಸುಗಳು ಜ್ವರ ಕುರುಗಳಿಂದ ಒಂದರ ಹಿಂದೆ ಒಂದು ತೀರಿಕೊಂಡಿದ್ದರೆ ಅದನ್ನು ಮುಚ್ಚಿಡಬೇಡಿ. ಸಂಬಂಧದೊಳಗೆ ಮದುವೆ ಕೂಡಿಸುವ ಮೊದಲು ವೈದ್ಯರನ್ನು ಕೇಳಿ. ಜಾತಕಕ್ಕೆ ಕೊಡುವ ಹೊತ್ತಿನಲ್ಲಿ ಅರ್ಧವನ್ನು ಇದಕ್ಕೆ ಕೊಟ್ಟರೂ ಸಾಕು. ತಾಯಿಯನ್ನು ಮಾತ್ರ ಹಳಿಯಬೇಡಿ.

ಕಸಿಯಾದ ಮರುವರ್ಷದ ಪಂಚಮಿಯಂದು ಮೊಮ್ಮಗಳು ತಮ್ಮನನ್ನು ಮಣೆಯ ಮೇಲೆ ಕೂರಿಸಿ ಬೆನ್ನಿಗೆ ಹಾಲೆರೆದಳು. ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದವಳು ನಮ್ಮ ಅಕ್ಕ. "ಇನ್ನೊಂದಿಷ್ಟು ಹಾಕೇ, ಹಾಲಿಗೇನು ಬರವೆ?" ಎಂದಳು.