ಪಕ್ಕದಲ್ಲಿ ಕೂತು ಕೇಳುವ ಕೆಲಸ: ಎಚ್‌ಸಿಐ ಸಂಶೋಧನಾ ಸಹಾಯಕರ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಬೆಂಗಳೂರಿನ ಕೊಳೆಗೇರಿಗಳಲ್ಲಿದ್ದ, ಓದು ಬಾರದ ಮನೆಗೆಲಸದ ಹೆಣ್ಣುಮಕ್ಕಳಿಗಾಗಿ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಒಂದು ಪ್ರಯೋಗ ನಡೆಯಿತು. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ಅಕ್ಷರದ ಹಂಗಿಲ್ಲದೆ, ಚಿತ್ರ ಮತ್ತು ಧ್ವನಿಯಿಂದಲೇ ಎಲ್ಲಿ ಕೆಲಸ ಇದೆ ಎಂದು ತಿಳಿಸುವ ಕಂಪ್ಯೂಟರ್ ಪರದೆಯನ್ನು ರೂಪಿಸುತ್ತಿದ್ದರು. ಅಡುಗೆಮನೆಯ ಚಿತ್ರ ಬರೆದರೆ ಅದು ಬರೀ ಅಡುಗೆಮನೆಯಾಗಿ ಕಾಣುತ್ತಿತ್ತು. ನಲ್ಲಿಯಿಂದ ನೀರು ಸುರಿಯುವುದನ್ನು, ಪಾತ್ರೆಯಿಂದ ಆವಿ ಏಳುವುದನ್ನು ಸೇರಿಸಿದ ಮೇಲೆ ಅದು ಮಾಡಬೇಕಾದ ಕೆಲಸವೆಂದು ಅರ್ಥವಾಯಿತು. ಇದು ಯಾವ ಪ್ರೋಗ್ರಾಮೂ ಹೇಳಿಕೊಟ್ಟ ವಿಷಯವಲ್ಲ. ಆ ಹೆಣ್ಣುಮಕ್ಕಳ ಪಕ್ಕದಲ್ಲಿ ಕೂತು ಕೇಳಿದ್ದರಿಂದ ಸಿಕ್ಕಿದ್ದು.

ಮಾನವ-ಕಂಪ್ಯೂಟರ್ ಸಂವಹನ, ಚಿಕ್ಕದಾಗಿ ಎಚ್‌ಸಿಐ ಎಂದು ಕರೆಯುವ ಶಾಸ್ತ್ರದ ಜೀವಾಳ ಇಂಥ ಕೇಳುವಿಕೆ. ವಿದ್ಯಾರ್ಥಿಗಳು ಇದರಲ್ಲಿ ಸಂಶೋಧನಾ ಸಹಾಯಕರಾಗಿ ಸೇರಬಹುದು. ಆದರೆ ನಮ್ಮ ಕಾಲೇಜುಗಳಲ್ಲಿ ಹಬ್ಬಿರುವ ಕೆಲವು ನಂಬಿಕೆಗಳು ಎಷ್ಟೋ ಮಂದಿಯನ್ನು ಹೊಸ್ತಿಲಲ್ಲೇ ತಡೆದುಬಿಡುತ್ತವೆ.

ತಪ್ಪು ಕಲ್ಪನೆ: ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಮಾತ್ರ. ಕೋಡಿಂಗ್ ಬಾರದಿದ್ದರೆ ಜಾಗವಿಲ್ಲ.

ಸತ್ಯ: ಮೌಸ್ ಎಷ್ಟು ಬೇಗ ಒಂದು ಗುಂಡಿಯನ್ನು ಮುಟ್ಟುತ್ತದೆ ಎಂದು ಲೆಕ್ಕ ಹಾಕಲು ಇಂದಿಗೂ ಬಳಸುವ ಸೂತ್ರವನ್ನು 1954ರಲ್ಲಿ ಕೊಟ್ಟವರು ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ. ಆಗ ಮೌಸ್ ಎಂಬುದೇ ಇರಲಿಲ್ಲ. 1983ರಲ್ಲಿ ಕಾರ್ಡ್, ಮೊರಾನ್, ನ್ಯೂವೆಲ್ ಮೂವರು ಸೇರಿ ಬರೆದ ಈ ಕ್ಷೇತ್ರದ ಬುನಾದಿ ಪುಸ್ತಕದ ಹೆಸರಿನಲ್ಲೂ ಮನಶ್ಶಾಸ್ತ್ರವಿದೆ. ಸಾಫ್ಟ್‌ವೇರ್ ಕಟ್ಟುವವರು ಬೇಕೇ ಬೇಕು, ನಿಜ. ಆದರೆ ಸಮಾಜಶಾಸ್ತ್ರ, ವಿನ್ಯಾಸ, ಭಾಷಾಶಾಸ್ತ್ರ ಓದಿದವರೂ ಅಷ್ಟೇ ಬೇಕು.

ಇನ್ನೊಂದು ಮಾತು. ಎಚ್‌ಸಿಐ ಲ್ಯಾಬಿನಲ್ಲಿ ‘ಕೋಡಿಂಗ್’ ಪದಕ್ಕೆ ಎರಡು ಅರ್ಥ. ಸಂದರ್ಶನಗಳನ್ನು ಬರಹಕ್ಕಿಳಿಸಿ, ಸಾಲುಸಾಲಾಗಿ ಓದಿ, ‘ಇಲ್ಲಿ ಭಯವಿದೆ’, ‘ಇಲ್ಲಿ ಮಗನ ಸಹಾಯ ಕೇಳುತ್ತಿದ್ದಾರೆ’ ಎಂದು ಗುರುತು ಹಚ್ಚುವುದನ್ನೂ ಕೋಡಿಂಗ್ ಎನ್ನುತ್ತಾರೆ. ಎಷ್ಟೋ ಸಹಾಯಕರ ದಿನದ ದೊಡ್ಡ ಪಾಲು ಹೋಗುವುದು ಇದರಲ್ಲೇ. ಇದಕ್ಕೆ ಬೇಕಾದದ್ದು ತಾಳ್ಮೆ ಮತ್ತು ಒಳ್ಳೆಯ ಓದು.

ತಪ್ಪು ಕಲ್ಪನೆ: ಇಂಗ್ಲಿಷ್ ಚೆನ್ನಾಗಿದ್ದರೆ ಸಾಕು, ಕನ್ನಡದಿಂದ ಏನು ಪ್ರಯೋಜನ?

ಸತ್ಯ: ಇದಕ್ಕೆ ಬೆಂಗಳೂರಿನಲ್ಲೇ ನಡೆದ ಅಧ್ಯಯನವೊಂದು ಉತ್ತರ ಕೊಟ್ಟಿದೆ. ನಿಕೋಲಾ ಡೆಲ್ ಮತ್ತು ಸಂಗಡಿಗರು 450 ಮಂದಿಯನ್ನು ಮಾತನಾಡಿಸಿ, ಈ ಕ್ಷೇತ್ರದ 2012ರ ಸಿಎಚ್‌ಐ ಸಮ್ಮೇಳನದಲ್ಲಿ ಮಂಡಿಸಿದ ಅಧ್ಯಯನ ಅದು. ಎರಡು ವಸ್ತುಗಳನ್ನು ತೋರಿಸಿ, ಒಂದನ್ನು ಸಂದರ್ಶಕರೇ ಮಾಡಿದ್ದು ಎಂದು ನಂಬುವಂತೆ ಮಾಡಿದರು. ಎರಡೂ ಒಂದೇ ಆಗಿದ್ದಾಗಲೂ ಸಂದರ್ಶಕರದ್ದೇ ಚೆನ್ನ ಎನ್ನುವ ಸಾಧ್ಯತೆ ಸುಮಾರು 2.5 ಪಟ್ಟು ಹೆಚ್ಚಿತ್ತು. ಸಂದರ್ಶಕರು ಅನುವಾದಕರ ನೆರವು ಬೇಕಾದ ವಿದೇಶಿಯಾಗಿದ್ದಾಗ ಅದು 5 ಪಟ್ಟಾಯಿತು.

ಇದನ್ನು ಓದಿದ ಯಾವ ಕನ್ನಡಿಗರಿಗೂ ಆಶ್ಚರ್ಯವಾಗದು. ಮನೆಗೆ ಬಂದವರ ಮುಖ ಮುರಿಯುವಂತೆ ಮಾತಾಡುವುದು ನಮ್ಮಲ್ಲಿ ರೂಢಿಯಿಲ್ಲ. ‘ಚೆನ್ನಾಗಿದೆ ಸರ್’ ಎಂದರೆ ಚೆನ್ನಾಗಿದೆ ಎಂದೇ ಅರ್ಥವಲ್ಲ. ‘ನೋಡೋಣ ಬಿಡಿ’ ಎಂಬುದು ಎಷ್ಟೋ ಸಲ ಬೇಡ ಎಂಬುದರ ಮೆತ್ತಗಿನ ರೂಪ. ಅದನ್ನು ಇಂಗ್ಲಿಷಿಗೆ ಪದಪದವಾಗಿ ಇಳಿಸಿದರೆ ನಿರಾಕರಣೆ ಒಪ್ಪಿಗೆಯಾಗಿ ದಾಖಲಾಗುತ್ತದೆ, ಆ ತಪ್ಪಿನ ಮೇಲೆ ಆ್ಯಪ್ ಎದ್ದು ನಿಲ್ಲುತ್ತದೆ. ಎದುರಿಗಿರುವವರು ‘ಅಕ್ಕ’ ಎಂದರೆ ಮನಬಿಚ್ಚುತ್ತಾರೋ ‘ಅಮ್ಮ’ ಎಂದರೋ ಎಂಬುದು ತಿಳಿದವರು ಆ ಕೋಣೆಯಲ್ಲಿ ಇರಲೇಬೇಕು. ಹಾಸನ, ರಾಯಚೂರು, ಕುಂದಾಪುರದ ಮಾತು ಬಲ್ಲ ವಿದ್ಯಾರ್ಥಿ ತನ್ನ ಅರ್ಜಿಯಲ್ಲಿ ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಂದರ್ಶನಕ್ಕೆ ಕೂರುವವರಿಂದ ಪಡೆಯುವ ಒಪ್ಪಿಗೆ ಪತ್ರದ ವಿಷಯವೂ ಹೀಗೆಯೇ. ‘ನಿಮಗೆ ಬೇಡವೆನಿಸಿದರೆ ಯಾವಾಗ ಬೇಕಾದರೂ ಎದ್ದು ಹೋಗಬಹುದು’ ಎಂಬುದನ್ನು ಓದಿ ಮುಗಿಸಿದರೆ ಸಾಲದು, ಅದು ನಿಜವೆಂದು ಅವರಿಗೆ ಅನ್ನಿಸಬೇಕು. ಆ ಹೊಣೆ ಹೆಚ್ಚಾಗಿ ಸಹಾಯಕರ ಹೆಗಲಿಗೇ ಬೀಳುತ್ತದೆ.

ತಪ್ಪು ಕಲ್ಪನೆ: ಐದು ಜನರ ಮೇಲೆ ಪರೀಕ್ಷಿಸಿದರೆ ಸಂಶೋಧನೆ ಮುಗಿಯಿತು.

ಸತ್ಯ: ಬಳಕೆ-ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ ಅವರ ಹೆಸರಿನಲ್ಲಿ ಓಡಾಡುವ ಅರ್ಧ ಮಾತು ಇದು. ಒಬ್ಬ ಬಳಕೆದಾರರು ಸರಾಸರಿ ಶೇ. 31ರಷ್ಟು ತೊಡಕುಗಳನ್ನು ಬಯಲಿಗೆಳೆದರೆ, ಐವರು ಸೇರಿ ಸುಮಾರು ಶೇ. 85ರಷ್ಟನ್ನು ಹೊರತರುತ್ತಾರೆ ಎಂಬುದು ಲೆಕ್ಕ. ಅದು ತೊಡಕು ಹುಡುಕಿ, ತಿದ್ದಿ, ಮತ್ತೆ ಪರೀಕ್ಷಿಸುವವರಿಗೆ ಹೇಳಿದ್ದು. ಎರಡು ವಿನ್ಯಾಸಗಳಲ್ಲಿ ಯಾವುದು ಮೇಲು ಎಂದು ಅಂಕಿಗಳಲ್ಲಿ ಸಾಧಿಸಲು ಐವರು ಸಾಲುವುದಿಲ್ಲ.

ತಪ್ಪು ಕಲ್ಪನೆ: ಅವಕಾಶಗಳೆಲ್ಲ ಅಮೆರಿಕದಲ್ಲಿವೆ.

ಸತ್ಯ: ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಹಣದಿಂದ ನಡೆಯುವ ‘ಆರ್‌ಇಯು’ ಬೇಸಿಗೆ ಸಂಶೋಧನಾ ಯೋಜನೆಗೆ ಇಲ್ಲಿನ ಮಕ್ಕಳು ಆಸೆಯಿಂದ ಅರ್ಜಿ ತುಂಬುತ್ತಾರೆ. ಅದರ ಸ್ಟೈಪೆಂಡ್ ಆ ದೇಶದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮೀಸಲು. ಇತ್ತ ನಮ್ಮ ಕಣ್ಣೆದುರಿಗೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕೈಕಾಲು ಮತ್ತು ಮಾತಿನ ತೀವ್ರ ತೊಂದರೆ ಇರುವವರು ಕಣ್ಣೋಟದಿಂದಲೇ ರೋಬೋಟ್ ತೋಳನ್ನು ನಡೆಸುವ ಸಂಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆಗೂಡಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ, ಅದರಲ್ಲಿ ಎಂಜಿನಿಯರಿಂಗ್ ವಿಭಾಗವೂ ಇದೆ. ಪದವಿ ಮುಗಿಸಿದವರಿಗೆ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ರಿಸರ್ಚ್ ಫೆಲೋ ಹುದ್ದೆಗಳಿವೆ. ಎಷ್ಟೋ ಅವಕಾಶಗಳು ಪ್ರಕಟಣೆಯಾಗಿ ಬರುವುದೇ ಇಲ್ಲ, ಪ್ರಾಧ್ಯಾಪಕರಿಗೆ ಬರೆದ ಒಂದು ಒಳ್ಳೆಯ ಮೇಲ್‌ನಿಂದ ಹುಟ್ಟುತ್ತವೆ. ನೂರು ಜನಕ್ಕೆ ಒಂದೇ ಒಕ್ಕಣೆ ಕಳಿಸುವುದು ಬೇಡ. ಒಬ್ಬರ ಒಂದು ಪ್ರಬಂಧ ಪೂರ್ತಿ ಓದಿ, ನಿಮಗೆ ಬಗೆಹರಿಯದ ಒಂದು ಪ್ರಶ್ನೆ ಕೇಳಿ.

ತಪ್ಪು ಕಲ್ಪನೆ: ಕಲಿಯುವವರು ಹಣ, ಹೆಸರು ಕೇಳಬಾರದು.

ಸತ್ಯ: ಕೇಳಬೇಕು, ಸೇರುವ ಮೊದಲೇ. ವಾರಕ್ಕೆ ಎಷ್ಟು ಗಂಟೆ, ಸ್ಟೈಪೆಂಡ್ ಇದೆಯೇ, ಎಥಿಕ್ಸ್ ಕಮಿಟಿಯ ಅನುಮತಿ ಸಿಕ್ಕಿದೆಯೇ, ಪ್ರಬಂಧದಲ್ಲಿ ಹೆಸರು ಬರಬೇಕಾದರೆ ಎಷ್ಟು ಕೆಲಸ ಮಾಡಿರಬೇಕು? ಒಳ್ಳೆಯ ಮಾರ್ಗದರ್ಶಕರು ಇದಕ್ಕೆ ಬೇಸರಪಡುವುದಿಲ್ಲ. ‘ಇಂಟರ್ನ್‌ಶಿಪ್‌ಗೆ ಇಷ್ಟು ಶುಲ್ಕ ಕಟ್ಟಿ, ಪ್ರಬಂಧದಲ್ಲಿ ಹೆಸರು ಹಾಕಿಸುತ್ತೇವೆ’ ಎನ್ನುವವರ ಹತ್ತಿರ ಸುಳಿಯಬೇಡಿ.

ಅನುಭವವಿಲ್ಲ ಎಂದು ಹಿಂಜರಿಯುವವರು ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಅಜ್ಜಿಯೋ ಅಪ್ಪನೋ ಫೋನಿನಿಂದ ಹಣ ಕಳಿಸುವಾಗ, ಅವರನ್ನು ಕೇಳಿಕೊಂಡು ಪಕ್ಕದಲ್ಲಿ ಕೂರಿ. ಸಹಾಯಕ್ಕೆ ಕೈ ಚಾಚಬೇಡಿ. ಬೆರಳು ಎಲ್ಲಿ ತಡೆಯಿತು, ಆಗ ಬಾಯಲ್ಲಿ ಯಾವ ಮಾತು ಬಂತು, ಎರಡನ್ನೂ ಹಾಗೆಯೇ ಬರೆದುಕೊಳ್ಳಿ. ನಿಮ್ಮ ಮೊದಲ ಮೇಲ್‌ಗೆ ಆ ಒಂದು ಪುಟವನ್ನು ಲಗತ್ತಿಸಿ.