ಮಂಜಿನ ತೆರೆಯ ಲೆಕ್ಕ

ಮಾಗಿಯ ಮುಂಜಾನೆ ಚಿಕ್ಕಬಳ್ಳಾಪುರದ ಬಯಲಿನಿಂದ ನಂದಿಬೆಟ್ಟವನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹತ್ತಿರದ ಹುಣಿಸೆಮರದ ಒಂದೊಂದು ರೆಂಬೆಯೂ ಸ್ಪಷ್ಟವಾಗಿರುತ್ತದೆ. ಸಮುದ್ರಮಟ್ಟದಿಂದ 1478 ಮೀಟರು ಎತ್ತರವಿರುವ ಬೆಟ್ಟ ಮಾತ್ರ ಮಸುಕಾಗಿರುತ್ತದೆ. ಮಂಜು ಮರದ ಹಿಂದೆ ಇದೆಯೇ ಹೊರತು ಮುಂದೆ ಇಲ್ಲ. ಹಿಂದಿನದು ಮಸುಕಾದುದರಿಂದಲೇ ಮುಂದಿನದು ಎದ್ದು ಕಾಣುತ್ತದೆ. ಅಂತರ್ಜಾಲದ ಪುಟಗಳನ್ನು ರಚಿಸುವವರು ಇಂತಹುದೇ ತೆರೆಯೊಂದನ್ನು ಲೆಕ್ಕದಿಂದ ನಿರ್ಮಿಸುತ್ತಾರೆ. ಬರಹವನ್ನು ಮುಟ್ಟದೆ ಅದರ ಹಿಂದಿನ ಚಿತ್ರವನ್ನಷ್ಟೇ ಮಾರ್ಪಡಿಸುವ ಈ ಏರ್ಪಾಡಿಗೆ ‘ಬ್ಯಾಕ್‌ಡ್ರಾಪ್ ಫಿಲ್ಟರ್’ ಎಂದು ಹೆಸರು. ನಾವು ಇದನ್ನು ಹಿನ್ನೆಲೆಯ ತೆರೆ ಎಂದು ಕರೆಯೋಣ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಧಾರಣೆಯನ್ನು ತಿಳಿಸುವ ಪುಟವೊಂದನ್ನು ನಾವು ರಚಿಸಬೇಕಾಗಿದೆಯೆಂದು ಭಾವಿಸೋಣ. ಹಿನ್ನೆಲೆಗೆ ಚಂದ್ರಂಕಿಯ ತುಂಬ ಗೂಡುಗಳಿರುವ ಛಾಯಾಚಿತ್ರವನ್ನು ಆರಿಸಿದೆವು. ಚಿತ್ರವೇನೋ ಸೊಗಸಾಗಿದೆ. ಆದರೆ ಬಿಳಿಯ ಅಕ್ಷರಗಳು ಗೂಡುಗಳ ಮೇಲೆ ಅಳಿಸಿಹೋಗುತ್ತವೆ; ಕರಿಯ ಅಕ್ಷರಗಳು ಬಿದಿರಿನ ಸಂದುಗಳ ನೆರಳಿನಲ್ಲಿ ಮುಳುಗುತ್ತವೆ. ಕನ್ನಡ ಬರಹಕ್ಕಂತೂ ಈ ತೊಂದರೆ ದೊಡ್ಡದು: ಒಂದು ಒತ್ತಕ್ಷರವೋ ಕೊಂಬೋ ಕಣ್ಮರೆಯಾದರೆ ಪದವೇ ಬೇರೆಯಾದೀತು. ಚಿಂತಾಮಣಿಯಿಂದಲೋ ಗೌರಿಬಿದನೂರಿನಿಂದಲೋ ಗೂಡು ತಂದ ರೈತನು ಬಿಸಿಲಿನಲ್ಲಿ ನಿಂತು ಮೊಬೈಲಿನಲ್ಲಿ ಇದನ್ನು ಓದಬೇಕು. ಅವನು 3ನ್ನು 8 ಎಂದು ಓದಿಕೊಂಡರೆ ನಷ್ಟ ಯಾರದು?

ಪುಟದ ರೂಪರೇಖೆಯನ್ನು ಬರೆಯುವ ಭಾಷೆ ಸಿಎಸ್‌ಎಸ್. ಅದರ ಉದ್ದುದ್ದದ ಆಜ್ಞೆಗಳನ್ನು ಪ್ರತಿಸಲವೂ ಬರೆಯುವ ಬದಲು, ಒಂದೊಂದು ಕೆಲಸಕ್ಕೆ ಒಂದೊಂದು ಸಿದ್ಧ ಹೆಸರನ್ನಿಟ್ಟುಕೊಳ್ಳುವುದುಂಟು. ಒಗ್ಗರಣೆ ಡಬ್ಬಿಯ ಬಟ್ಟಲುಗಳಂತೆ, ಬೇಕಾದುದನ್ನು ಬೇಕಾದಷ್ಟು ತೆಗೆದು ಹಾಕಬಹುದು. ಇವೇ ‘ಯುಟಿಲಿಟಿ ಕ್ಲಾಸ್’ಗಳು. ಟೈಲ್‌ವಿಂಡ್ ಎಂಬ ಪ್ರಸಿದ್ಧ ಸಲಕರಣೆಯಲ್ಲಿ ಹಿನ್ನೆಲೆಯ ತೆರೆಗೆ ಸಂಬಂಧಿಸಿದ ಹೆಸರುಗಳು 2021ರಿಂದ ದೊರೆಯುತ್ತಿವೆ. ‘ಬ್ಯಾಕ್‌ಡ್ರಾಪ್-ಬ್ಲರ್-ಎಂಡಿ’ ಎಂದರೆ 12 ಪಿಕ್ಸೆಲ್ ಅಳತೆಯ ಮಸುಕು. ‘ಬ್ಯಾಕ್‌ಡ್ರಾಪ್-ಬ್ರೈಟ್‌ನೆಸ್-50’ ಎಂದರೆ ಹೊಳಪನ್ನು ಅರ್ಧಕ್ಕಿಳಿಸುವುದು. ‘ಬ್ಯಾಕ್‌ಡ್ರಾಪ್-ಒಪ್ಯಾಸಿಟಿ-60’ ಎಂದರೆ ತೆರೆಯ ದಟ್ಟತೆ ನೂರಕ್ಕೆ 60.

ಈ ಮೂರನೆಯದೇ ಹೊಸಬರನ್ನು ದಿಕ್ಕುಗೆಡಿಸುವಂತಹುದು. ಇದೊಂದನ್ನೇ ಬರೆದು ನೋಡಿದರೆ ಪುಟದಲ್ಲಿ ಯಾವ ಬದಲಾವಣೆಯೂ ಕಾಣುವುದಿಲ್ಲ! ಕಾರಣ ಸರಳವಾಗಿದೆ. ಗಣಕವು ಹಿನ್ನೆಲೆಯ ಪ್ರತಿಯೊಂದನ್ನು ತೆಗೆದು, ಅದನ್ನು ಮಾರ್ಪಡಿಸಿ, ಮೂಲಚಿತ್ರದ ಮೇಲೆಯೇ ಹೊದಿಸುತ್ತದೆ. ದಟ್ಟತೆ 60 ಆದರೆ ಆ ಪ್ರತಿಯಿಂದ 60 ಪಾಲು, ಕೆಳಗಿನ ಮೂಲದಿಂದ 40 ಪಾಲು ಬೆರೆಯುತ್ತವೆ. ಪ್ರತಿಯಲ್ಲಿ ಮಾರ್ಪಾಡೇ ಆಗಿಲ್ಲದಿದ್ದರೆ, ಹಾಲಿಗೆ ಅದೇ ಹಾಲನ್ನು ಬೆರೆಸಿದಂತಾಗುತ್ತದೆ, ಅಷ್ಟೆ.

ಈಗ ನಮ್ಮ ಗೂಡುಗಳಿಗೆ ಬರೋಣ. ಬಣ್ಣವನ್ನು ಬದಿಗಿಟ್ಟು ಹೊಳಪನ್ನಷ್ಟೇ ಎಣಿಸೋಣ. ಕಪ್ಪು 0, ಬಿಳುಪು 255. ಗೂಡಿನ ಹೊಳಪು 220, ಸಂದಿನದು 40 ಎಂದಿರಲಿ. ಮಸುಕುಗೊಳಿಸುವುದೆಂದರೆ ನೆರೆಯ ಬಿಂದುಗಳೊಡನೆ ಬೆರೆಸಿ ಸರಾಸರಿ ತೆಗೆಯುವುದು. ಗೂಡುಗಳು ಚಿತ್ರದಲ್ಲಿ ಸಾಕಷ್ಟು ಚಿಕ್ಕವಾಗಿದ್ದು, ಗೂಡೂ ಸಂದೂ ಸಮಪಾಲಾಗಿದ್ದರೆ ಎಲ್ಲೆಡೆಯೂ ಸುಮಾರು 130 ಬರುತ್ತದೆ. ಹೊಳಪನ್ನು ಅರ್ಧಕ್ಕಿಳಿಸಿದರೆ 65. ಇನ್ನು ದಟ್ಟತೆ. ಅದು 60 ಆದಾಗ ಗೂಡಿನ ಸ್ಥಾನದಲ್ಲಿ 65ರ 60 ಪಾಲು 39, 220ರ 40 ಪಾಲು 88, ಒಟ್ಟು 127. ದಟ್ಟತೆ 80 ಆದರೆ 52 ಮತ್ತು 44, ಒಟ್ಟು 96.

127ಕ್ಕೂ 96ಕ್ಕೂ ಏನು ಮಹಾ ಅಂತರವೆಂದು ತೋರಬಹುದು. ಆದರೆ ಈ ಅಂಕೆಗಳು ಬೆಳಕಿನ ನೇರ ಅಳತೆಯಲ್ಲ. ಅಂಕೆ ಅರ್ಧವಾದರೆ ತೆರೆಯಿಂದ ಹೊಮ್ಮುವ ಬೆಳಕು ಸುಮಾರು ಕಾಲುಭಾಗಕ್ಕಿಳಿಯುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಇರಬೇಕಾದ ಪ್ರಕಾಶದ ಅನುಪಾತ ಕನಿಷ್ಠ 4.5 ಎಂದು ಅಂತರ್ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ 2008ರ ಮಾರ್ಗಸೂಚಿ ಹೇಳುತ್ತದೆ. ಅದರ ಸೂತ್ರದಂತೆ ಬಿಳಿಯ ಅಕ್ಷರಕ್ಕೆ 127ರ ಮೇಲೆ ದೊರೆಯುವ ಅನುಪಾತ 4 ಮಾತ್ರ. 96ರ ಮೇಲೆ 6ಕ್ಕೂ ಮಿಗಿಲು. ಆದುದರಿಂದ ಈ ಚಿತ್ರಕ್ಕೆ 60 ಸಾಲದು, 80 ಬೇಕು. ಚಿತ್ರದ ಅಂದ ಇನ್ನಷ್ಟು ಉಳಿಯಲೆಂದು ದಟ್ಟತೆಯನ್ನು ಇಳಿಸುವ ಚಪಲ ವಿನ್ಯಾಸಕಾರರಿಗೆ ಸಹಜ. ಆದರೆ ಧಾರಣೆಯ ಪುಟಕ್ಕೆ ಬಂದವನು ಚಿತ್ರ ನೋಡಲು ಬಂದವನಲ್ಲ.

‘ಒಪ್ಯಾಸಿಟಿ-80’ ಎಂಬ ಇನ್ನೊಂದು ಹೆಸರೂ ಉಂಟು. ಮುಂದಿನ ‘ಬ್ಯಾಕ್‌ಡ್ರಾಪ್’ ಪದ ಬಿಟ್ಟುಹೋದರೆ ಇದೇ ಉಳಿಯುತ್ತದೆ. ಇದು ಬರಹವನ್ನೂ ಸೇರಿಸಿ ಇಡೀ ಅಂಕಣವನ್ನು ತೆಳುವಾಗಿಸುತ್ತದೆ. ಮಂಜು ಬೆಟ್ಟವನ್ನು ಬಿಟ್ಟು ಹುಣಿಸೆಮರವನ್ನೇ ಮುಸುಕಿದಂತೆ.

ಎಲ್ಲ ಬ್ರೌಸರುಗಳೂ ಈ ತೆರೆಯನ್ನು ಬಲ್ಲವೆಂದು ನಂಬಿ ಕೂಡುವಂತೆಯೂ ಇಲ್ಲ. ಕ್ರೋಮ್‌ಗೆ ಇದು 2019ರಲ್ಲಿ ಬಂದಿತು, ಫೈರ್‌ಫಾಕ್ಸ್‌ಗೆ 2022ರಲ್ಲಿ. ಅದಕ್ಕಿಂತ ಹಳೆಯ ಆವೃತ್ತಿಯಿರುವ ಮೊಬೈಲಿನಲ್ಲಿ ತೆರೆ ಮೂಡುವುದೇ ಇಲ್ಲ, ಅಕ್ಷರಗಳು ಬರಿಯ ಗೂಡುಗಳ ಮೇಲೆಯೇ ಕುಳಿತಿರುತ್ತವೆ. ಇದಕ್ಕಾಗಿ ಅಂಕಣಕ್ಕೆ ಮೊದಲು ಗಾಢವಾದ ಬಣ್ಣವೊಂದನ್ನು ಬಳಿದು, ತೆರೆಯನ್ನು ಬಲ್ಲ ಬ್ರೌಸರುಗಳಲ್ಲಿ ಮಾತ್ರ ಆ ಬಣ್ಣವನ್ನು ತೆಗೆದು ತೆರೆಯಿಳಿಸುವಂತೆ ಬರೆಯುವುದು ವಾಡಿಕೆ.